ಅಂಗೈಯಗಲದ ಫಲಕದಲ್ಲಿ ಆಂಟೆನಾ: ನಿಸ್ತಂತು ಸಂವೇದಕಗಳಿಗೆ ಮುದ್ರಿತ ಆಂಟೆನಾದ ವಿನ್ಯಾಸ

ಮುಂಬಯಿಯ ಚಾಳುಗಳ ಮೇಲೆ, ಚೆನ್ನೈ ಮತ್ತು ಹೈದರಾಬಾದಿನ ಮಾಳಿಗೆಗಳ ಮೇಲೆ ಅಲ್ಯೂಮಿನಿಯಂ ಕೊಳವೆಗಳ ದೂರದರ್ಶನ ಆಂಟೆನಾಗಳು ಸಾಲುಗಟ್ಟಿ ನಿಂತಿದ್ದ ಕಾಲವನ್ನು ಅನೇಕ ಓದುಗರು ಬಲ್ಲರು. ಚಿತ್ರ ಮಸುಕಾದಾಗ ಮನೆಯವರಲ್ಲೊಬ್ಬರು ಮೇಲೆ ಹತ್ತಿ ಅದನ್ನು ತಿರುಗಿಸುವರು. ಇನ್ನೊಬ್ಬರು ಕೆಳಗಿನಿಂದ "ಬಂತು, ಅಲ್ಲೇ ಬಿಡಿ" ಎಂದು ಕೂಗುವರು. ಆಂಟೆನಾದ ಗಾತ್ರ, ಅದರ ದಿಕ್ಕು, ಅದರ ನೆರೆಹೊರೆ ಇವುಗಳಲ್ಲಿ ಯಾವುದು ಬದಲಾದರೂ ಫಲ ಬದಲಾಗುತ್ತದೆ ಎಂಬ ಪಾಠವನ್ನು ಆ ಅನುಭವವೇ ಕಲಿಸಿತ್ತು.

ಇಂದು ಆಂಟೆನಾ ಮಾಳಿಗೆಯಿಂದ ಇಳಿದು ಅಂಗೈಯಗಲದ ಫಲಕದೊಳಗೆ ಸೇರಿದೆ. ತೋಟದ ಮಣ್ಣಿನ ತೇವವನ್ನು ಅಳೆಯುವ ಸಾಧನ, ನೀರಿನ ತೊಟ್ಟಿಯ ಮಟ್ಟವನ್ನು ತಿಳಿಸುವ ಸಾಧನ, ಶೀತಲಗೃಹದ ಉಷ್ಣತೆಯನ್ನು ಕಾಯುವ ಸಾಧನ ಇವೆಲ್ಲವೂ ತಮ್ಮ ವರದಿಯನ್ನು ರೇಡಿಯೋ ಅಲೆಗಳ ಮೂಲಕ ಕಳಿಸುತ್ತವೆ. ಇವುಗಳಲ್ಲಿ ಆಂಟೆನಾ ಎಂಬುದು ಪ್ರತ್ಯೇಕ ಬಿಡಿಭಾಗವಾಗಿ ಇರಲೇಬೇಕೆಂದಿಲ್ಲ. ಇತರ ತಾಮ್ರದ ಎಳೆಗಳೊಂದಿಗೆ ಫಲಕದ ಮೇಲೆಯೇ ಮುದ್ರಿತವಾದ ಒಂದು ಪಟ್ಟಿಯೇ ಆಂಟೆನಾ ಆಗಬಲ್ಲದು. ಇದಕ್ಕೆ ಬೇರೆ ಖರ್ಚಿಲ್ಲ. ಆದುದರಿಂದಲೇ ಇದು ಜನಪ್ರಿಯ. ಆದರೆ ಖರ್ಚಿಲ್ಲದ ಈ ವಸ್ತುವನ್ನು ಅಲಕ್ಷಿಸಿದರೆ ಇಡೀ ಸಾಧನ ಮೂಕವಾಗುತ್ತದೆ. ಈ ಪುಟ್ಟ ಆಂಟೆನಾ ಹೇಗೆ ಕೆಲಸ ಮಾಡುತ್ತದೆ, ಅದನ್ನು ಕಿರಿದಾಗಿಸಿದಾಗ ನಾವು ಏನನ್ನು ಕಳೆದುಕೊಳ್ಳುತ್ತೇವೆ, ವಿನ್ಯಾಸವನ್ನು ಯಾವ ಕ್ರಮದಲ್ಲಿ ಕೈಗೊಳ್ಳಬೇಕು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಬ್ಯಾಟರಿಯ ಲೆಕ್ಕ

ಸಂವೇದಕ ಸಾಧನವನ್ನು ಒಮ್ಮೆ ಸ್ಥಾಪಿಸಿದ ಮೇಲೆ ಮತ್ತೆ ಮತ್ತೆ ಅದರ ಬಳಿಗೆ ಹೋಗುವಂತಿರಬಾರದು. ಆದುದರಿಂದ ಬ್ಯಾಟರಿಯ ಆಯುಸ್ಸೇ ಸಾಧನದ ಆಯುಸ್ಸು. ಒಂದು ಉದಾಹರಣೆಯನ್ನು ಲೆಕ್ಕ ಹಾಕೋಣ. ಸಾಧನವು 15 ನಿಮಿಷಕ್ಕೊಮ್ಮೆ, ಎಂದರೆ ದಿನಕ್ಕೆ 96 ಬಾರಿ, ಸಂದೇಶ ಕಳಿಸುತ್ತದೆ ಎಂದಿಟ್ಟುಕೊಳ್ಳೋಣ. ಪ್ರತಿ ಸಂದೇಶಕ್ಕೆ 1 ಸೆಕೆಂಡು ಕಾಲ 40 ಮಿಲಿಆಂಪಿಯರ್ ವಿದ್ಯುತ್ ಬೇಕಾದರೆ ದಿನದ ವೆಚ್ಚ ಸುಮಾರು 1.07 ಮಿಲಿಆಂಪಿಯರ್-ಗಂಟೆ. ಉಳಿದ ಸಮಯ ನಿದ್ರಾವಸ್ಥೆಯಲ್ಲಿದ್ದು 10 ಮೈಕ್ರೋಆಂಪಿಯರ್ ಮಾತ್ರ ಬಳಸಿದರೆ ಅದರ ವೆಚ್ಚ 0.24. ಒಟ್ಟು 1.31. ಬ್ಯಾಟರಿಯ ಸಾಮರ್ಥ್ಯ 2000 ಮಿಲಿಆಂಪಿಯರ್-ಗಂಟೆ ಇದ್ದಲ್ಲಿ, ಅದು ತಾನಾಗಿ ಸೋರುವುದನ್ನು ಗಣಿಸದಿದ್ದರೆ, ಸಾಧನ ನಾಲ್ಕು ವರ್ಷಗಳಿಗೂ ಮಿಕ್ಕಿ ನಡೆಯಬೇಕು.

ಈಗ ಆಂಟೆನಾ ದುರ್ಬಲವಾಗಿದ್ದು ಪ್ರತಿ ಸಂದೇಶವನ್ನೂ ಮೂರು ಬಾರಿ ಕಳಿಸಬೇಕಾಯಿತೆನ್ನಿ. ದಿನದ ವೆಚ್ಚ 3.44ಕ್ಕೆ ಏರುತ್ತದೆ. ಅದೇ ಬ್ಯಾಟರಿ ಸುಮಾರು 580 ದಿನಗಳಲ್ಲಿ, ಎಂದರೆ ಒಂದು ವರ್ಷ ಏಳು ತಿಂಗಳಲ್ಲಿ, ಬರಿದಾಗುತ್ತದೆ. ನೂರು ಎಕರೆಯ ದ್ರಾಕ್ಷಿ ತೋಟದಲ್ಲಿ ಇಂತಹ ಇನ್ನೂರು ಸಾಧನಗಳಿದ್ದರೆ ಬ್ಯಾಟರಿ ಬದಲಾಯಿಸುವ ಕೂಲಿಯೇ ಸಾಧನದ ಬೆಲೆಯನ್ನು ಮೀರಬಹುದು. ಸಂದೇಶ ತಲುಪದೆಯೇ ಹೋದರಂತೂ ಬಳ್ಳಿ ಒಣಗಿದ ಮೇಲೆ ಬೆಳೆಗಾರನಿಗೆ ತಿಳಿಯುತ್ತದೆ. ಕೆಲವು ಸೆಂಟಿಮೀಟರ್ ತಾಮ್ರದ ಪಟ್ಟಿಯ ಮೇಲೆ ಇಷ್ಟೆಲ್ಲ ಅವಲಂಬಿಸಿದೆ.

ಅಲೆಯ ಉದ್ದವೇ ಅಳತೆಗೋಲು

ರೇಡಿಯೋ ಅಲೆಗಳು ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರಿನಂತೆ, ಸಾಗುತ್ತವೆ. ಈ ವೇಗವನ್ನು ಕಂಪನಾಂಕದಿಂದ ಭಾಗಿಸಿದರೆ ಅಲೆಯ ಒಂದು ಶಿಖರದಿಂದ ಮುಂದಿನ ಶಿಖರದವರೆಗಿನ ಅಂತರ ದೊರೆಯುತ್ತದೆ. ಇದಕ್ಕೆ ತರಂಗದೂರ ಎಂದು ಹೆಸರು. 866 ಮೆಗಾಹರ್ಟ್ಸ್ ಕಂಪನಾಂಕದ ಅಲೆಗೆ ತರಂಗದೂರ ಸುಮಾರು 346 ಮಿಲಿಮೀಟರ್. 2450 ಮೆಗಾಹರ್ಟ್ಸ್ ಅಲೆಗೆ ಸುಮಾರು 122 ಮಿಲಿಮೀಟರ್.

ತಂಬೂರಿಯ ತಂತಿ ತನ್ನ ಉದ್ದಕ್ಕೆ ತಕ್ಕ ಸ್ವರದಲ್ಲಿ ಮಿಡಿಯುವಂತೆ ಲೋಹದ ತಂತಿಯಲ್ಲಿ ವಿದ್ಯುತ್ತು ತನ್ನ ಉದ್ದಕ್ಕೆ ತಕ್ಕ ಕಂಪನಾಂಕದಲ್ಲಿ ಹಿಂದುಮುಂದಾಗಿ ತೂಗುತ್ತದೆ. ಇದೇ ಅನುರಣನ. ವಿಶಾಲವಾದ ಲೋಹದ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ ತಂತಿ ತರಂಗದೂರದ ಕಾಲು ಭಾಗದಷ್ಟು ಉದ್ದವಿದ್ದರೆ ಸಹಜವಾಗಿ ಅನುರಣಿಸುತ್ತದೆ. 866 ಮೆಗಾಹರ್ಟ್ಸ್‌ಗೆ ಈ ಉದ್ದ ಸುಮಾರು 87 ಮಿಲಿಮೀಟರ್; 2450ಕ್ಕೆ ಸುಮಾರು 31 ಮಿಲಿಮೀಟರ್.

ಸಣ್ಣ ಅಲೆಗೆ ಸಣ್ಣ ಸಾಧನ ಸಾಕೆಂಬ ತತ್ತ್ವವನ್ನು ನಮ್ಮ ದೇಶದಲ್ಲಿಯೇ ಬಹಳ ಹಿಂದೆ ಪ್ರಯೋಗದಿಂದ ತೋರಿಸಲಾಗಿತ್ತು. 1890ರ ದಶಕದಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಮಿಲಿಮೀಟರ್ ಅಳತೆಯ ಅಲೆಗಳನ್ನು ಉತ್ಪಾದಿಸಿ, ಮೇಜಿನ ಮೇಲೆ ಹಿಡಿಯುವ ಉಪಕರಣಗಳಿಂದಲೇ ಅವುಗಳ ಗುಣಗಳನ್ನು ಪರೀಕ್ಷಿಸಿದರು. ಇನ್ನೊಂದು ತುದಿಯಲ್ಲಿ, ಪುಣೆಯ ಬಳಿಯ ಖೋಡದ್ ಗ್ರಾಮದ ಸುತ್ತ ಹರಡಿರುವ ಬೃಹತ್ ಮೀಟರ್ ತರಂಗ ರೇಡಿಯೋ ದೂರದರ್ಶಕದಲ್ಲಿ 45 ಮೀಟರ್ ವ್ಯಾಸದ 30 ಆಂಟೆನಾಗಳಿವೆ. ಇವೆರಡಕ್ಕೂ ನಮ್ಮ ಅಂಗೈಯಗಲದ ಫಲಕಕ್ಕೂ ಅನ್ವಯಿಸುವ ನಿಯಮ ಒಂದೇ: ಆಂಟೆನಾ ದೊಡ್ಡದೋ ಚಿಕ್ಕದೋ ಎಂಬುದನ್ನು ಮಿಲಿಮೀಟರಿನಲ್ಲಿ ಹೇಳಲಾಗದು, ತರಂಗದೂರಕ್ಕೆ ಹೋಲಿಸಿಯೇ ಹೇಳಬೇಕು.

ಯಾವ ಕಂಪನಾಂಕವನ್ನು ಆರಿಸಬೇಕು?

ಭಾರತದಲ್ಲಿ 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳಿಗಾಗಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. 2021ರ ನಿಯಮಗಳ ಮೂಲಕ ಅದನ್ನು 868 ಮೆಗಾಹರ್ಟ್ಸ್‌ವರೆಗೆ ವಿಸ್ತರಿಸಲಾಯಿತು. 2400ರಿಂದ 2483.5 ಮೆಗಾಹರ್ಟ್ಸ್ ಪಟ್ಟಿಯೂ 2005ರಲ್ಲಿಯೇ ಮುಕ್ತವಾಯಿತು. ಸಂವೇದಕ ಸಾಧನಗಳ ವಿನ್ಯಾಸಕಾರನ ಮುಂದೆ ಸಾಮಾನ್ಯವಾಗಿ ಇರುವ ಆಯ್ಕೆಗಳು ಇವೆರಡೇ.

ತೆರೆದ ಬಯಲಿನಲ್ಲಿ, ಎರಡೂ ಕಡೆ ಒಂದೇ ಬಗೆಯ ಸಾಧಾರಣ ಆಂಟೆನಾಗಳಿದ್ದಾಗ, ಒಂದೇ ದೂರದಲ್ಲಿ 866 ಮೆಗಾಹರ್ಟ್ಸ್‌ನ ಗ್ರಾಹಕಕ್ಕೆ ದೊರೆಯುವ ಶಕ್ತಿ 2450 ಮೆಗಾಹರ್ಟ್ಸ್‌ನದಕ್ಕಿಂತ ಸುಮಾರು ಎಂಟು ಪಟ್ಟು. ಕಡಿಮೆ ಕಂಪನಾಂಕದ ಆಂಟೆನಾ ಗಾತ್ರದಲ್ಲಿ ದೊಡ್ಡದಾದುದರಿಂದ ಅಲೆಯ ಹೆಚ್ಚು ಭಾಗವನ್ನು ಹಿಡಿಯುತ್ತದೆ ಎಂಬುದೇ ಇದಕ್ಕೆ ಕಾರಣ. ನೀರಿನಂಶವುಳ್ಳ ಎಲೆಗಳ ನಡುವೆಯೂ ಕಡಿಮೆ ಕಂಪನಾಂಕದ ಅಲೆ ಕಡಿಮೆ ಕ್ಷೀಣಿಸುತ್ತದೆ. ಹಾಗಾದರೆ ಯಾವಾಗಲೂ 866ನ್ನೇ ಆರಿಸಬೇಕಲ್ಲವೇ? ಇಲ್ಲಿಯೇ ಎಚ್ಚರ ಬೇಕು. ಫಲಕ ತೀರಾ ಚಿಕ್ಕದಾಗಿದ್ದು 866ರ ಆಂಟೆನಾ ತನಗೆ ಕೊಟ್ಟ ಶಕ್ತಿಯ ಎಂಟನೆಯ ಒಂದು ಪಾಲನ್ನು ಮಾತ್ರ ಹೊರಸೂಸಿದರೆ, ಬಯಲಿನಲ್ಲಿ ದೊರೆತ ಎಂಟು ಪಟ್ಟು ಲಾಭ ಫಲಕದಲ್ಲಿಯೇ ಕರಗಿಹೋಗುತ್ತದೆ. ಕಂಪನಾಂಕದ ಆಯ್ಕೆಯೂ ಫಲಕದ ಅಳತೆಯೂ ಒಂದೇ ನಿರ್ಧಾರದ ಎರಡು ಮುಖಗಳು.

ಮುದ್ರಿತ ಆಂಟೆನಾದ ಮೂರು ರೂಪಗಳು

ತೆಳುವಾದ ಅವಾಹಕ ಹಾಳೆಯ ಮೇಲೆ ಲೋಹದ ಪಟ್ಟಿಯನ್ನು ಮೂಡಿಸಿ ಆಂಟೆನಾ ಮಾಡುವ ಸೂಚನೆಯನ್ನು 1953ರಲ್ಲಿ ಡೆಶಾಂಪ್ಸ್ ಅವರು ಮಂಡಿಸಿದರು. 1970ರ ದಶಕದಲ್ಲಿ ಅದು ವ್ಯಾಪಕ ಬಳಕೆಗೆ ಬಂತು. ಇಂದಿನ ಸಾಧಾರಣ ಮುದ್ರಿತ ಫಲಕವೆಂದರೆ ಎಪಾಕ್ಸಿ ಅಂಟಿನಿಂದ ಬಿಗಿದ ಗಾಜಿನ ನೇಯ್ಗೆಯ ಹಾಳೆ. ಮಾರುಕಟ್ಟೆಯಲ್ಲಿ ಇದಕ್ಕೆ ಎಫ್‌ಆರ್-4 ಎಂದು ಹೆಸರು. ಸಾಮಾನ್ಯವಾಗಿ ಇದರ ದಪ್ಪ 1.6 ಮಿಲಿಮೀಟರ್, ಮೇಲಿನ ತಾಮ್ರದ ದಪ್ಪ 35 ಮೈಕ್ರಾನ್. ವಿದ್ಯುತ್ ಕ್ಷೇತ್ರವನ್ನು ತನ್ನೊಳಗೆ ಹಿಡಿದಿಡುವ ಗುಣವನ್ನು ಸೂಚಿಸುವ ಡೈಎಲೆಕ್ಟ್ರಿಕ್ ಸ್ಥಿರಾಂಕ ಇದಕ್ಕೆ ಸುಮಾರು 4.4. ಈ ಅಂಕೆ ತಯಾರಕನಿಂದ ತಯಾರಕನಿಗೆ ಸ್ವಲ್ಪ ಬದಲಾಗುತ್ತದೆ ಎಂಬುದನ್ನು ಮರೆಯಬಾರದು.

ಮೊದಲನೆಯ ರೂಪ ಚೌಕದಂತಹ ಹಾಳೆ ಆಂಟೆನಾ. ಮೇಲೆ ಒಂದು ತಾಮ್ರದ ಆಯತ, ಕೆಳಗೆ ಪೂರ್ತಿ ತಾಮ್ರದ ಪದರ. 2450 ಮೆಗಾಹರ್ಟ್ಸ್‌ಗೆ ಈ ಆಯತ ಸುಮಾರು 37 ಮಿಲಿಮೀಟರ್ ಅಗಲ, 29 ಮಿಲಿಮೀಟರ್ ಉದ್ದ ಇರಬೇಕಾಗುತ್ತದೆ. 866ಕ್ಕೆ ಇದರ ಅಳತೆ ಮೂರು ಪಟ್ಟಿನ ಹತ್ತಿರ ಬರುವುದರಿಂದ ಅಂಗೈಯಗಲದ ಸಾಧನಕ್ಕೆ ಹೊಂದದು. ಗೋಡೆಗೆ ಅಂಟಿಸಿ ಒಂದೇ ದಿಕ್ಕಿಗೆ ಪ್ರಸಾರ ಮಾಡಬೇಕಾದಲ್ಲಿ ಇದು ಉಪಯುಕ್ತ.

ಎರಡನೆಯದು ತಲೆಕೆಳಗಾದ ಎಫ್ ಆಂಟೆನಾ. ಇಂಗ್ಲಿಷಿನ ಎಫ್ ಅಕ್ಷರವನ್ನು ಅಡ್ಡಲಾಗಿ ಮಲಗಿಸಿದಂತೆ ಇದರ ಆಕಾರ. ಕಾಲು ತರಂಗದೂರದ ತೋಳೊಂದು ಫಲಕದ ಅಂಚಿಗೆ ಸಮಾನಾಂತರವಾಗಿ ಮಲಗಿರುತ್ತದೆ. ಅದರ ಒಂದು ತುದಿ ನೆಲಪದರಕ್ಕೆ, ಎಂದರೆ ಫಲಕದಲ್ಲಿ ಶೂನ್ಯ ವೋಲ್ಟಿನ ಆಧಾರವಾಗಿರುವ ವಿಶಾಲ ತಾಮ್ರದ ಹರವಿಗೆ, ಸೇರಿಕೊಂಡಿರುತ್ತದೆ. ಇನ್ನೊಂದು ತುದಿ ಬಿಡಿಯಾಗಿರುತ್ತದೆ. ಸೇರಿದ ತುದಿಯಲ್ಲಿ ವಿದ್ಯುತ್ ಪ್ರವಾಹ ಅತ್ಯಧಿಕ, ಬಿಡಿ ತುದಿಯಲ್ಲಿ ವೋಲ್ಟೇಜು ಅತ್ಯಧಿಕ. ರೇಡಿಯೋದಿಂದ ಬರುವ ಎಳೆಯನ್ನು ಇವೆರಡರ ನಡುವೆ ಸರಿಯಾದ ಜಾಗದಲ್ಲಿ ಜೋಡಿಸಿದರೆ ರೇಡಿಯೋ ಬಯಸುವ 50 ಓಮ್ ರೋಧ ದೊರೆಯುತ್ತದೆ. 2450 ಮೆಗಾಹರ್ಟ್ಸ್‌ನ ಸಾಧನಗಳಲ್ಲಿ ಸುಮಾರು 25 ಮಿಲಿಮೀಟರ್ ಉದ್ದದ ಇಂತಹ ತೋಳುಗಳನ್ನು ಕಾಣಬಹುದು.

ಮೂರನೆಯದು ಅಂಕುಡೊಂಕು ಆಂಟೆನಾ. ಐದು ಗಜದ ಸೀರೆಯನ್ನು ನೆರಿಗೆ ಹಿಡಿದು ಸೊಂಟದಗಲಕ್ಕೆ ತರುವಂತೆ ಉದ್ದನೆಯ ಎಳೆಯನ್ನು ಮಡಿಸಿ ಮಡಿಸಿ ಚಿಕ್ಕ ಜಾಗದಲ್ಲಿ ಕೂರಿಸಲಾಗುತ್ತದೆ. ಆದರೆ ನೆರಿಗೆಗೂ ಒಂದು ಮಿತಿಯಿದೆ. ಅಕ್ಕಪಕ್ಕದ ಮಡಿಕೆಗಳಲ್ಲಿ ವಿದ್ಯುತ್ತು ಎದುರುಬದುರು ದಿಕ್ಕಿನಲ್ಲಿ ಹರಿಯುವುದರಿಂದ ಒಂದರ ಪ್ರಸಾರವನ್ನು ಇನ್ನೊಂದು ಬಹುಮಟ್ಟಿಗೆ ಅಳಿಸುತ್ತದೆ. ಎಳೆಯ ಒಟ್ಟು ಉದ್ದ ಅನುರಣನವನ್ನು ತಂದುಕೊಡಬಹುದು. ಪ್ರಸಾರವಾದರೋ ಆಂಟೆನಾ ಒಟ್ಟಾರೆ ಆಕ್ರಮಿಸಿದ ಎತ್ತರವನ್ನು ಅವಲಂಬಿಸಿರುತ್ತದೆ. ಮಡಿಕೆಗಳು ಹತ್ತಿರವಾದಷ್ಟೂ ತಾಮ್ರ ವ್ಯರ್ಥ.

ಕಿರಿದಾಗಿಸುವುದಕ್ಕೆ ತೆರಬೇಕಾದ ಬೆಲೆ

ಜಾಣತನದಿಂದ ಆಂಟೆನಾವನ್ನು ಎಷ್ಟು ಬೇಕಾದರೂ ಕಿರಿದಾಗಿಸಬಹುದೆ? 1947ರಲ್ಲಿ ಹೆರಾಲ್ಡ್ ವೀಲರ್ ಮತ್ತು 1948ರಲ್ಲಿ ಎಲ್. ಜೆ. ಚು ಈ ಪ್ರಶ್ನೆಗೆ ಉತ್ತರ ನೀಡಿದರು. ಆಂಟೆನಾವನ್ನು ಪೂರ್ತಿಯಾಗಿ ಒಳಗೊಳ್ಳುವ ಒಂದು ಗೋಲವನ್ನು ಕಲ್ಪಿಸಿಕೊಳ್ಳಿ. ಆ ಗೋಲದ ತ್ರಿಜ್ಯ ತರಂಗದೂರಕ್ಕೆ ಹೋಲಿಸಿದಾಗ ಚಿಕ್ಕದಾದಂತೆ, ಆಂಟೆನಾ ಕೆಲಸ ಮಾಡಬಲ್ಲ ಕಂಪನಾಂಕಗಳ ಪಟ್ಟಿ ತ್ರಿಜ್ಯದ ಘನಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಯಾವ ಆಕಾರವೂ ಈ ಮಿತಿಯನ್ನು ದಾಟಲಾರದು.

866 ಮೆಗಾಹರ್ಟ್ಸ್‌ನಲ್ಲಿ ಈ ಮಿತಿಯನ್ನು ಲೆಕ್ಕ ಹಾಕಿ ನೋಡೋಣ. ಗೋಲದ ತ್ರಿಜ್ಯ 20 ಮಿಲಿಮೀಟರ್ ಇದ್ದರೆ, ನಷ್ಟವಿಲ್ಲದ ಆದರ್ಶ ಆಂಟೆನಾಕ್ಕೂ ದೊರೆಯಬಹುದಾದ ಪಟ್ಟಿ ಸ್ಥೂಲವಾಗಿ 36 ಮೆಗಾಹರ್ಟ್ಸ್. ತ್ರಿಜ್ಯವನ್ನು 10 ಮಿಲಿಮೀಟರಿಗೆ ಇಳಿಸಿದರೆ ಅದು ಸುಮಾರು 5 ಮೆಗಾಹರ್ಟ್ಸ್‌ಗೆ ಕುಸಿಯುತ್ತದೆ. ನಮಗೆ ಬೇಕಾದುದು 3 ಮೆಗಾಹರ್ಟ್ಸ್ ತಾನೇ ಎಂದು ಸಮಾಧಾನಪಡುವಂತಿಲ್ಲ. ಪ್ಲಾಸ್ಟಿಕ್ ಪೆಟ್ಟಿಗೆಯ ಗೋಡೆ, ಮಳೆನೀರಿನ ಪೊರೆ, ಹತ್ತಿರದ ಕೈ ಇವುಗಳಲ್ಲಿ ಒಂದೇ ಸಾಕು, ಅನುರಣನವನ್ನು ಅದಕ್ಕಿಂತ ಹೆಚ್ಚು ದೂರ ಸರಿಸಲು.

ದಕ್ಷತೆಯ ಕಥೆಯೂ ಹೀಗೆಯೇ. ಆಂಟೆನಾ ಹೊರಸೂಸುವ ಶಕ್ತಿಯನ್ನು ವಿಕಿರಣ ರೋಧ ಎಂಬ ಅಂಕೆಯಿಂದ ಸೂಚಿಸುತ್ತಾರೆ. ವಿಶಾಲ ನೆಲದ ಮೇಲಿನ ಕಾಲು ತರಂಗದೂರದ ತಂತಿಗೆ ಇದು ಸುಮಾರು 36 ಓಮ್. ಆದರೆ ತಂತಿಯ ಎತ್ತರ ಕೇವಲ 17 ಮಿಲಿಮೀಟರ್ ಇದ್ದರೆ 866 ಮೆಗಾಹರ್ಟ್ಸ್‌ನಲ್ಲಿ ವಿಕಿರಣ ರೋಧ ಸುಮಾರು 1 ಓಮ್‌ಗೆ ಇಳಿಯುತ್ತದೆ. ಇಂತಹ ಗಿಡ್ಡ ತಂತಿಯನ್ನು ಅನುರಣನಕ್ಕೆ ತರಲು ಪ್ರೇರಕ ಸುರುಳಿಯೊಂದನ್ನು ಸೇರಿಸಬೇಕು. ಸುರುಳಿಯ ಪ್ರತಿರೋಧಕ ಗುಣ 300 ಓಮ್, ಅದರ ಗುಣಾಂಕ 50 ಎಂದಾದರೆ ಸುರುಳಿಯಲ್ಲಿಯೇ 6 ಓಮ್ ನಷ್ಟವಿರುತ್ತದೆ. ಒಟ್ಟು 7 ಓಮ್‌ಗಳಲ್ಲಿ ಉಪಯುಕ್ತವಾದುದು 1 ಓಮ್ ಮಾತ್ರ. ಬ್ಯಾಟರಿ ಕೊಟ್ಟ ರೇಡಿಯೋ ಶಕ್ತಿಯ ಏಳರಲ್ಲಿ ಆರು ಪಾಲು ಸುರುಳಿಯನ್ನು ಬಿಸಿ ಮಾಡುವುದರಲ್ಲಿ ಕಳೆಯುತ್ತದೆ. ತೆರೆದ ಬಯಲಿನಲ್ಲಿಯೂ ಸಂದೇಶ ತಲುಪುವ ದೂರ ಮೂಲದ ಶೇಕಡಾ 38ಕ್ಕೆ ಇಳಿಯುತ್ತದೆ.

ಗಾತ್ರ, ಕಂಪನಾಂಕದ ಪಟ್ಟಿಯ ಅಗಲ, ದಕ್ಷತೆ ಈ ಮೂರರಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಲೇಬೇಕು. ಮೂರೂ ಒಟ್ಟಿಗೆ ದೊರೆಯುತ್ತವೆಂದು ಹೇಳುವ ಜಾಹೀರಾತನ್ನು ಕಂಡಾಗ ಓದುಗರು ಈ ನಿಯಮವನ್ನು ನೆನೆಯಬೇಕು.

ಆಂಟೆನಾದ ಉಳಿದರ್ಧ

ಹಾಗಾದರೆ ಚಿಕ್ಕ ಸಾಧನಗಳು ಕೆಲಸ ಮಾಡುವುದಾದರೂ ಹೇಗೆ? ಮುದ್ರಿತ ಪಟ್ಟಿಯೊಂದೇ ಆಂಟೆನಾ ಅಲ್ಲ ಎಂಬುದರಲ್ಲಿ ಉತ್ತರವಿದೆ. ಪಟ್ಟಿಯಲ್ಲಿ ಹರಿಯುವ ವಿದ್ಯುತ್ತಿಗೆ ಸಮನಾದ ವಿದ್ಯುತ್ತು ನೆಲಪದರದಲ್ಲಿಯೂ ಹರಿಯುತ್ತದೆ. ಒಂದು ಕೈಯಿಂದ ಚಪ್ಪಾಳೆಯಾಗದು. ನೆಲಪದರವೇ ಆಂಟೆನಾದ ಎರಡನೆಯ ಕೈ.

40 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಫಲಕವನ್ನು ತೆಗೆದುಕೊಳ್ಳಿ. ಇಡೀ ಫಲಕವನ್ನು ಒಳಗೊಳ್ಳುವ ಗೋಲದ ತ್ರಿಜ್ಯ ಸುಮಾರು 45 ಮಿಲಿಮೀಟರ್. ಹಿಂದಿನ ಲೆಕ್ಕವನ್ನು ಈ ತ್ರಿಜ್ಯಕ್ಕೆ ಅನ್ವಯಿಸಿದರೆ ಮಿತಿ ಬಹಳ ಸಡಿಲವಾಗುತ್ತದೆ. 3 ಮೆಗಾಹರ್ಟ್ಸ್ ಪಟ್ಟಿ ಕಷ್ಟವೇ ಅಲ್ಲ. ಪಟ್ಟಿಯ ನಿಜವಾದ ಕೆಲಸ ಇಡೀ ಫಲಕದಲ್ಲಿ ವಿದ್ಯುತ್ತನ್ನು ತೂಗಿಸುವುದು. ಕುಶಲ ವಿನ್ಯಾಸಕಾರನು ಫಲಕವನ್ನೇ ಆಂಟೆನಾ ಎಂದು ಭಾವಿಸುತ್ತಾನೆ.

ಇದರಿಂದ ಮೂರು ಪರಿಣಾಮಗಳು ಹೊರಡುತ್ತವೆ. ಒಂದು, ಪಟ್ಟಿಯನ್ನು ಫಲಕದ ನಡುವೆ ಇರಿಸದೆ ಅದರ ಕಿರಿಯ ಅಂಚಿನಲ್ಲಿ ಇರಿಸಬೇಕು. ಎರಡು, ಅಂಕುಡೊಂಕು ಮತ್ತು ತಲೆಕೆಳಗಾದ ಎಫ್ ಆಂಟೆನಾಗಳ ಪಟ್ಟಿಯ ಕೆಳಗೆ ಯಾವ ಪದರದಲ್ಲಿಯೂ ತಾಮ್ರ ಇರಬಾರದು. ಬ್ಯಾಟರಿಯ ಲೋಹದ ಗೂಡನ್ನು ಆ ಜಾಗಕ್ಕೆ ಎಂದಿಗೂ ತರಬಾರದು. ಮೂರು, ನೆಲಪದರದ ಉದ್ದವನ್ನು ಮನಬಂದಂತೆ ಕತ್ತರಿಸಬಾರದು. ಅದು ಕಾಲು ತರಂಗದೂರದ ಸಮೀಪವಿದ್ದರೆ ಒಳ್ಳೆಯದು. ಅದಕ್ಕಿಂತ ಬಹಳ ಗಿಡ್ಡವಾದರೆ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ದಕ್ಷತೆ ಕುಸಿಯುತ್ತದೆ. ಒಂದು ಫಲಕದಲ್ಲಿ ಚೆನ್ನಾಗಿ ನಡೆದ ಪಟ್ಟಿಯ ಆಕಾರವನ್ನು ಇನ್ನೊಂದು ಅಳತೆಯ ಫಲಕಕ್ಕೆ ನಕಲು ಮಾಡಿದರೆ ಅದು ನಡೆಯದಿರಲು ಇದೇ ಕಾರಣ.

ಅಳತೆಯಲ್ಲಿ ಮೋಸಹೋಗದಿರಲು

ಆಂಟೆನಾವನ್ನು ಅಳೆಯುವವರು ಮೊದಲು ನೋಡುವುದು ಎಷ್ಟು ಶಕ್ತಿ ಹಿಂದಿರುಗುತ್ತದೆ ಎಂಬುದನ್ನು. ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಹಿಂದಿರುಗಿದರೆ ಹೊಂದಾಣಿಕೆ ತೃಪ್ತಿಕರವೆನ್ನುತ್ತಾರೆ. ಆದರೆ ಹಿಂದಿರುಗದ ಶಕ್ತಿಯೆಲ್ಲ ಆಕಾಶಕ್ಕೆ ಹೋಯಿತೆಂದು ಅರ್ಥವಲ್ಲ. 50 ಓಮ್‌ನ ಸಾಧಾರಣ ರೋಧಕವೊಂದನ್ನು ಜೋಡಿಸಿದರೆ ಶಕ್ತಿ ಹಿಂದಿರುಗುವುದೇ ಇಲ್ಲ. ಅದು ಪ್ರಸಾರವನ್ನೂ ಮಾಡುವುದಿಲ್ಲ, ಸುಮ್ಮನೆ ಬಿಸಿಯಾಗುತ್ತದೆ. ತೀರಾ ಚಿಕ್ಕ ಆಂಟೆನಾ ಅನಿರೀಕ್ಷಿತವಾಗಿ ಅಗಲ ಪಟ್ಟಿಯನ್ನು ತೋರಿದರೆ ಹಿಗ್ಗಬಾರದು. ಬಹುಶಃ ಶಕ್ತಿ ಫಲಕದ ಎಪಾಕ್ಸಿಯಲ್ಲಿಯೋ ಸುರುಳಿಯಲ್ಲಿಯೋ ಕರಗುತ್ತಿದೆ ಎಂದು ಶಂಕಿಸಬೇಕು.

ಇದನ್ನು ಪತ್ತೆಹಚ್ಚಲು ವೀಲರ್ 1959ರಲ್ಲಿ ಸರಳವಾದ ಉಪಾಯವನ್ನು ಸೂಚಿಸಿದರು. ಆಂಟೆನಾವನ್ನು ಲೋಹದ ಡಬ್ಬಿಯಿಂದ ಮುಚ್ಚಿ, ಡಬ್ಬಿಯನ್ನು ನೆಲಪದರಕ್ಕೆ ಚೆನ್ನಾಗಿ ತಾಗಿಸಬೇಕು. ಡಬ್ಬಿಯ ತ್ರಿಜ್ಯ ತರಂಗದೂರದ ಆರನೆಯ ಒಂದು ಭಾಗದಷ್ಟಿರಬೇಕು. 866 ಮೆಗಾಹರ್ಟ್ಸ್‌ಗೆ ಸುಮಾರು 55 ಮಿಲಿಮೀಟರ್. ಆಗ ಪ್ರಸಾರ ನಿಲ್ಲುತ್ತದೆ, ನಷ್ಟ ಮಾತ್ರ ಉಳಿಯುತ್ತದೆ. ಅನುರಣನದಲ್ಲಿ ಮುಚ್ಚದೆ 7 ಓಮ್, ಮುಚ್ಚಿದಾಗ 6 ಓಮ್ ಬಂದರೆ, ಪ್ರಸಾರಕ್ಕೆ ಸಂದದ್ದು 1 ಓಮ್ ಮಾತ್ರ ಎಂದು ತಿಳಿಯುತ್ತದೆ. ದುಬಾರಿ ಪ್ರಯೋಗಶಾಲೆಯಿಲ್ಲದ ಕಾಲೇಜಿನಲ್ಲಿಯೂ ಈ ಪರೀಕ್ಷೆ ಸಾಧ್ಯ.

ಇನ್ನೊಂದು ಮೋಸ ಅಳತೆಯ ತಂತಿಯದು. ಚಿಕ್ಕ ಫಲಕಕ್ಕೆ ಮೀಟರ್ ಉದ್ದದ ಕೇಬಲ್ ಜೋಡಿಸಿದಾಗ ಕೇಬಲ್ಲಿನ ಹೊರಕವಚವೂ ನೆಲಪದರದ ಭಾಗವಾಗಿ ತಾನೂ ಪ್ರಸಾರ ಮಾಡತೊಡಗುತ್ತದೆ. ಮೇಜಿನ ಮೇಲೆ ಫಲಿತಾಂಶ ಅಮೋಘವಾಗಿರುತ್ತದೆ; ಕೇಬಲ್ ತೆಗೆದು ಬ್ಯಾಟರಿಯಿಂದ ನಡೆಸಿದಾಗ ಸಾಧನ ಸುಮ್ಮನಾಗುತ್ತದೆ. ಕೇಬಲ್ಲನ್ನು ಕೈಯಲ್ಲಿ ಹಿಡಿದು ಸರಿಸಿದಾಗ ಅಳತೆ ಬದಲಾದರೆ ಆ ಅಳತೆಯನ್ನು ನಂಬಬಾರದು. ಕೇಬಲ್ಲಿಗೆ ಫೆರೈಟ್ ಉಂಗುರಗಳನ್ನು ತೊಡಿಸುವುದು ಒಂದು ಪರಿಹಾರ. ಬ್ಯಾಟರಿಯಿಂದಲೇ ನಡೆಯುವ ಪೂರ್ಣ ಸಾಧನವನ್ನು ಬಯಲಿನಲ್ಲಿ ಇರಿಸಿ, ದೂರದ ಗ್ರಾಹಕದಲ್ಲಿ ಸಂಜ್ಞೆಯ ಬಲವನ್ನು ಓದುವುದು ಕಡೆಯ ಪ್ರಮಾಣ.

ವಿನ್ಯಾಸದ ಕ್ರಮ

ಮೇಲಿನ ತತ್ತ್ವಗಳನ್ನು ಒಂದು ಉದಾಹರಣೆಯಿಂದ ಅನ್ವಯಿಸಿ ನೋಡೋಣ. ನಾಸಿಕದಂತಹ ಪ್ರದೇಶದ ದ್ರಾಕ್ಷಿ ತೋಟದಲ್ಲಿ ಮಣ್ಣಿನ ತೇವವನ್ನು ಅಳೆದು 866 ಮೆಗಾಹರ್ಟ್ಸ್‌ನಲ್ಲಿ ವರದಿ ಮಾಡುವ ಸಾಧನವನ್ನು ರಚಿಸಬೇಕಾಗಿದೆ ಎಂದಿಟ್ಟುಕೊಳ್ಳಿ.

1. ಮೊದಲು ಜಾಗವನ್ನು ಮೀಸಲಿಡಬೇಕು. 40 ಮತ್ತು 80 ಮಿಲಿಮೀಟರ್ ಅಳತೆಯ ಫಲಕದಲ್ಲಿ ಒಂದು ತುದಿಯ 20 ಮಿಲಿಮೀಟರನ್ನು ಆಂಟೆನಾಕ್ಕೆ ಬಿಟ್ಟು, ಉಳಿದ 60 ಮಿಲಿಮೀಟರಿನಲ್ಲಿ ನೆಲಪದರ ಮತ್ತು ಮಂಡಲವನ್ನು ಹೂಡಬೇಕು. ಎಲ್ಲ ಬಿಡಿಭಾಗಗಳನ್ನೂ ಕೂರಿಸಿ ಮಿಕ್ಕ ಮೂಲೆಯನ್ನು ಆಂಟೆನಾಕ್ಕೆ ಕೊಡುವ ರೂಢಿಯೇ ಹೆಚ್ಚಿನ ವೈಫಲ್ಯಗಳಿಗೆ ಮೂಲ.

2. ಎಳೆಯನ್ನು ಮೊದಲು ಮೀಸಲು ಜಾಗದ ಪೂರ್ತಿ ಎತ್ತರಕ್ಕೆ ಏರಿಸಿ, ಬಳಿಕ ಅಂಚಿನುದ್ದಕ್ಕೂ ಓಡಿಸಿ, ಸಾಲದ ಉದ್ದಕ್ಕೆ ಮಾತ್ರ ಅಗಲವಾದ ಕೆಲವು ಮಡಿಕೆಗಳನ್ನು ಹಾಕಬೇಕು. ಮಡಿಕೆಗಳನ್ನು ಬಿಡಿ ತುದಿಯ ಕಡೆಗೆ ಇಡುವುದು ಲೇಸು. ಅಲ್ಲಿ ವಿದ್ಯುತ್ ಪ್ರವಾಹ ಕಡಿಮೆಯಾದುದರಿಂದ ನಷ್ಟವೂ ಕಡಿಮೆ.

3. ಎಳೆಯನ್ನು ಲೆಕ್ಕಕ್ಕಿಂತ ಸ್ವಲ್ಪ ಉದ್ದವಾಗಿಯೇ ಮುದ್ರಿಸಬೇಕು. ಇಲ್ಲಿ ಸುಮಾರು 90 ಮಿಲಿಮೀಟರಿನಿಂದ ಆರಂಭಿಸಿ, ಅಳೆಯುತ್ತಾ ತುದಿಯನ್ನು ಕತ್ತರಿಸುತ್ತಾ ಹೋಗಬಹುದು. ಒಳ್ಳೆಯ ದರ್ಜಿ ಅಂಗಿಯ ಅಂಚಿನಲ್ಲಿ ಬಟ್ಟೆ ಬಿಟ್ಟೇ ಹೊಲಿಯುತ್ತಾನೆ.

4. ರೇಡಿಯೋಗೂ ಆಂಟೆನಾಕ್ಕೂ ನಡುವೆ ಮೂರು ಚಿಕ್ಕ ಬಿಡಿಭಾಗಗಳಿಗೆ ಜಾಗ ಬಿಟ್ಟಿರಬೇಕು. ಕೊನೆಯ ಹೊಂದಾಣಿಕೆಯನ್ನು ಸುರುಳಿ ಮತ್ತು ಧಾರಕಗಳಿಂದ ಸರಿಪಡಿಸಲು ಇದರಿಂದ ಅನುಕೂಲ. ಆದರೆ ಹೊಂದಾಣಿಕೆಯ ಮಂಡಲ ಕೆಟ್ಟ ಆಂಟೆನಾವನ್ನು ಒಳ್ಳೆಯದಾಗಿಸಲಾರದು.

5. ಅಳತೆಯನ್ನು ಪೆಟ್ಟಿಗೆಯೊಳಗೆ, ಬ್ಯಾಟರಿಯೊಂದಿಗೆ, ಕಂಬಕ್ಕೆ ಕಟ್ಟಿದ ಸ್ಥಿತಿಯಲ್ಲಿಯೇ ಮಾಡಬೇಕು. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80. ಆದುದರಿಂದ ಒದ್ದೆಯಾದ ಪೆಟ್ಟಿಗೆಯಲ್ಲಿ ಅನುರಣನ ಕೆಳಗಿನ ಕಂಪನಾಂಕಕ್ಕೆ ಜಾರುತ್ತದೆ. ಪಟ್ಟಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಕೆಲವು ಮಿಲಿಮೀಟರ್ ಗಾಳಿಯನ್ನು ಬಿಟ್ಟು, ಪೆಟ್ಟಿಗೆಯ ಮೇಲೆ ನೀರು ಸುರಿದು ಇನ್ನೊಮ್ಮೆ ಪರೀಕ್ಷಿಸಬೇಕು. ಕಬ್ಬಿಣದ ಕಂಬವಾದರೆ ಆಂಟೆನಾದ ತುದಿ ಕಂಬದಿಂದ ಆಚೆಗೆ ಚಾಚಿರಬೇಕು.

6. ಒಂದೇ ಮಾದರಿಯನ್ನು ಪರೀಕ್ಷಿಸಿ ತೃಪ್ತರಾಗಬಾರದು. ಬೇರೆ ಬೇರೆ ತಂಡಗಳಲ್ಲಿ ತಯಾರಾದ ಫಲಕಗಳಲ್ಲಿ ದಪ್ಪವೂ ಸ್ಥಿರಾಂಕವೂ ಬದಲಾಗುವುದರಿಂದ, ಅಂತಹ ಹಲವಾರು ಫಲಕಗಳಲ್ಲಿ ಅನುರಣನ ಪಟ್ಟಿಯೊಳಗೇ ಉಳಿಯುವುದೆಂದು ಖಚಿತಪಡಿಸಿಕೊಳ್ಳಬೇಕು.

ನಿಯಮ ಮತ್ತು ನೆರವು

ಪರವಾನಗಿ ಬೇಡವೆಂದರೆ ನಿಯಮವೇ ಇಲ್ಲವೆಂದಲ್ಲ. ಮುಕ್ತ ಪಟ್ಟಿಗಳಲ್ಲಿಯೂ ಶಕ್ತಿಗೆ ಮಿತಿಯುಂಟು. 1952ರಲ್ಲಿ ಸ್ಥಾಪಿತವಾದ, ದೆಹಲಿಯಲ್ಲಿ ಕೇಂದ್ರವುಳ್ಳ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗವು ದೇಶದ ರೇಡಿಯೋ ಕಂಪನಾಂಕಗಳ ನಿರ್ವಹಣೆಗಾಗಿ ಏರ್ಪಟ್ಟ ಸಂಸ್ಥೆ. ಸಾಧನವನ್ನು ಮಾರುಕಟ್ಟೆಗೆ ತರುವವರು ಆಗ ಜಾರಿಯಲ್ಲಿರುವ ನಿಯಮಗಳನ್ನೂ ಮಾದರಿಯ ಅನುಮೋದನೆಯ ವಿಧಾನವನ್ನೂ ಮುಂಚಿತವಾಗಿ ತಿಳಿದುಕೊಳ್ಳಬೇಕು. ಪರೀಕ್ಷೆಯ ವಿಷಯದಲ್ಲಿ, 1984ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಚೆನ್ನೈ, ಕೋಲ್ಕತ್ತಗಳಲ್ಲಿಯೂ ಕೇಂದ್ರಗಳನ್ನು ಹೊಂದಿರುವ ಸಮೀರ್ ಸಂಸ್ಥೆಯು ಮೈಕ್ರೋವೇವ್ ತಂತ್ರಜ್ಞಾನದಲ್ಲಿ ತೊಡಗಿರುವ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಾಗಿದೆ.

ಉಪಸಂಹಾರ

ಮುದ್ರಿತ ಆಂಟೆನಾಕ್ಕೆ ಬೆಲೆಯಿಲ್ಲ ಎಂಬ ಮಾತು ಅರ್ಧ ಸತ್ಯ. ತಾಮ್ರಕ್ಕೆ ಬೇರೆ ಬೆಲೆ ಕೊಡಬೇಕಿಲ್ಲ ನಿಜ. ಆದರೆ ಅದಕ್ಕೆ ಜಾಗವನ್ನು ಕೊಡಬೇಕು, ಆರಂಭದಲ್ಲಿಯೇ ಕೊಡಬೇಕು. ಆ ಜಾಗವನ್ನು ಉಳಿಸಲು ಹೊರಟವನು ಅದರ ಬೆಲೆಯನ್ನು ಬ್ಯಾಟರಿಯಲ್ಲಿ, ಕೂಲಿಯಲ್ಲಿ, ಕೊನೆಗೆ ತಲುಪದ ಸಂದೇಶದಲ್ಲಿ ತೆರಬೇಕಾಗುತ್ತದೆ.

ನಮ್ಮ ಕಾಲೇಜುಗಳಲ್ಲಿ ಓದುತ್ತಿರುವ ಯುವಜನರಿಗೆ, ಸಣ್ಣ ಉದ್ದಿಮೆಗಳಲ್ಲಿ ಇಂತಹ ಸಾಧನಗಳನ್ನು ತಯಾರಿಸುತ್ತಿರುವ ತಂತ್ರಜ್ಞರಿಗೆ ಈ ವಿದ್ಯೆ ಅಸಾಧ್ಯವಾದುದೇನಲ್ಲ. ಒಂದು ಅಳತೆಪಟ್ಟಿ, ಒಂದು ಲೋಹದ ಡಬ್ಬಿ, ಚೂಪಾದ ಒಂದು ಚಾಕು, ಬಯಲಿನಲ್ಲಿ ನಡೆದು ನೋಡುವ ತಾಳ್ಮೆ ಇಷ್ಟಿದ್ದರೆ ಆರಂಭಕ್ಕೆ ಸಾಕು. ಹಿಂದೆ ಮಾಳಿಗೆಯ ಮೇಲೆ ನಿಂತು ಆಂಟೆನಾ ತಿರುಗಿಸುತ್ತಿದ್ದವರಿಗೆ ಕೆಳಗಿನಿಂದ "ಬಂತು" ಎಂಬ ಉತ್ತರ ಕೇಳಿಬರುತ್ತಿತ್ತು. ತೋಟದ ನಡುವೆ ಒಂಟಿಯಾಗಿ ನಿಂತ ಪುಟ್ಟ ಸಾಧನಕ್ಕೆ ಹಾಗೆ ಹೇಳುವವರು ಯಾರೂ ಇರುವುದಿಲ್ಲ. ಆದುದರಿಂದ ಅದನ್ನು ಅಲ್ಲಿಗೆ ಕಳಿಸುವ ಮುನ್ನವೇ ಅದರ ದನಿ ತಲುಪುತ್ತದೆಯೇ ಎಂದು ನಾವು ಕೇಳಿ ತಿಳಿದಿರಬೇಕು.